ಅಮೆರಿಕದ ಅಂತರ್ಯುದ್ಧದ ಪುಟಾಣಿ ಸೈನಿಕರು: ಬೊಂಬೆ ಕೊಳ್ಳಿ, ಪೆಟ್ಟಿಗೆ ಹೇಳುವ ಕಥೆ ನಂಬಬೇಡಿ

ಅಮೆರಿಕದ ಅಂತರ್ಯುದ್ಧದ ಸೈನಿಕರ ಪ್ಲಾಸ್ಟಿಕ್ ಬೊಂಬೆಗಳ ಎರಡು ಪೆಟ್ಟಿಗೆ ತರಿಸಿದ್ದೆ. ಒಂದು ಅಧ್ಯಕ್ಷ ಲಿಂಕನ್ ಸರ್ಕಾರದ ಕಡೆಯ ಉತ್ತರದವರದ್ದು, ಇನ್ನೊಂದು ದೇಶದಿಂದ ಬೇರೆಯಾಗಿ ಹೊರಟ ದಕ್ಷಿಣದ ರಾಜ್ಯಗಳವರದ್ದು. ಅಳತೆ 1/72, ಅಂದರೆ ನಿಂತ ಮನುಷ್ಯ ಎರಡೂವರೆ ಸೆಂಟಿಮೀಟರ್ ಕೂಡ ಇರುವುದಿಲ್ಲ. ಮಲೆನಾಡಿನಲ್ಲಿ ಕೂತು ಇಂಥದ್ದಕ್ಕೆ ಬಣ್ಣ ಹಚ್ಚುವವರು ಕಡಿಮೆ. ಆದರೆ ಈಗೀಗ ಶಿವಮೊಗ್ಗ, ಸಾಗರದ ಕಡೆಯ ಕಾಲೇಜು ಹುಡುಗರು ಯಾವುದು ತರಿಸಬೇಕು, ಹೇಗೆ ಬಣ್ಣ ಹಚ್ಚಬೇಕು ಅಂತ ಕೇಳುತ್ತಿದ್ದಾರೆ, ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಬೊಂಬೆಗಳು ತುಂಬಾ ಚೆನ್ನಾಗಿವೆ. ಪೆಟ್ಟಿಗೆಯ ಹಿಂದೆ ಅಚ್ಚಾಗಿರುವ ಬಣ್ಣದ ಪಟ್ಟಿ ಮತ್ತು ಒಳಗಿರುವ ಚೀಟಿ ಚೆನ್ನಾಗಿಲ್ಲ. ಚೆನ್ನಾಗಿಲ್ಲ ಅನ್ನುವುದಕ್ಕಿಂತ ಅವು ತಪ್ಪು ಹೇಳುತ್ತವೆ, ನನಗೆ ಬೇಜಾರಾಗಿದ್ದು ಅದಕ್ಕೇ.

ತಲುಪಿದ ಬಗ್ಗೆ ಎರಡು ಮಾತು. ನಮ್ಮ ಊರಿನ ತನಕ ಕೊರಿಯರ್ ಬರುವುದಿಲ್ಲ, ತೀರ್ಥಹಳ್ಳಿಯಲ್ಲಿ ಇಳಿಸಿ ಫೋನ್ ಮಾಡುತ್ತಾರೆ, ನಾವೇ ಹೋಗಿ ತರಬೇಕು. ಆಷಾಢದ ಮಳೆ ಬೇರೆ. ಹೊರಗಿನ ರಟ್ಟು ನೆನೆದು ಮೆತ್ತಗಾಗಿತ್ತು, ಒಳಗಿನ ಬೊಂಬೆಗಳಿಗೆ ಏನೂ ಆಗಿರಲಿಲ್ಲ. ಒಂದೊಂದು ಪೆಟ್ಟಿಗೆಗೆ ಸಾವಿರದೈನೂರರ ಆಸುಪಾಸು ಬೀಳುತ್ತದೆ, ಒಳಗೆ ಐವತ್ತರ ಹತ್ತಿರ ಬೊಂಬೆಗಳು. ಲೆಕ್ಕ ಹಾಕಿದರೆ ದುಬಾರಿ ಏನಲ್ಲ.

ಈಗ ಬೊಂಬೆಗೆ ಬರೋಣ. ಉತ್ತರದ ಪೆಟ್ಟಿಗೆಯಲ್ಲಿ ಒಬ್ಬ ಇದ್ದಾನೆ, ಬಂದೂಕನ್ನು ಎಡಗೈಯಲ್ಲಿ ನೆಟ್ಟಗೆ ಹಿಡಿದು ಬಲಗೈಯನ್ನು ಬಾಯಿಗೆ ತಂದಿದ್ದಾನೆ. ಮೊದಲ ನೋಟಕ್ಕೆ ಏನೋ ತಿನ್ನುತ್ತಿದ್ದಾನೆ ಅನ್ನಿಸುತ್ತದೆ. ತಿನ್ನುತ್ತಿಲ್ಲ, ಕಾಗದದ ತೋಟಾವನ್ನು ಹಲ್ಲಿನಿಂದ ಹರಿಯುತ್ತಿದ್ದಾನೆ. ಆ ಕಾಲದ ಬಂದೂಕಿಗೆ ಗುಂಡು ತುಂಬುವುದು ನಳಿಗೆಯ ಬಾಯಿ ಕಡೆಯಿಂದ. ಕಾಗದದ ಪೊಟ್ಟಣ ಹಲ್ಲಿನಲ್ಲಿ ಹರಿದು ಮದ್ದಿನ ಪುಡಿ ನಳಿಗೆಗೆ ಸುರಿಯಬೇಕು, ಸೀಸದ ಗುಂಡು ಹಾಕಬೇಕು, ಉದ್ದದ ಕಡ್ಡಿಯಿಂದ ಕೆಳಗೆ ಗಿಡಿಯಬೇಕು, ಆಮೇಲೆ ಬಂದೂಕಿನ ಕುದುರೆಯ, ಅಂದರೆ ಸುತ್ತಿಗೆಯಂತೆ ಬಡಿಯುವ ಭಾಗದ, ಕೆಳಗೆ ತಾಮ್ರದ ಪುಟ್ಟ ಕ್ಯಾಪ್ ಕೂರಿಸಬೇಕು. ಕವಾಯತಿನಲ್ಲಿ ಇದನ್ನೆಲ್ಲ ಒಂಬತ್ತು ಹಂತ ಮಾಡಿ ಕಲಿಸುತ್ತಿದ್ದರು. ಚೆನ್ನಾಗಿ ಪಳಗಿದವನು ನಿಮಿಷಕ್ಕೆ ಮೂರು ಗುಂಡು ಹಾರಿಸುತ್ತಿದ್ದ. ಮುಂದಿನ ಹಲ್ಲಿಲ್ಲದವರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ, ಕಾರಣ ಇದೇ. ಇಷ್ಟೆಲ್ಲ ತಿಳಿದವರೇ ಈ ಬೊಂಬೆಯನ್ನು ಕೆತ್ತಿದ್ದಾರೆ ಅನ್ನುವುದಕ್ಕೆ ಸಾಕ್ಷಿ ಬೇಕಾದರೆ ಅವನ ಸೊಂಟ ನೋಡಿ. ಹೊಟ್ಟೆಯ ಬಲಕ್ಕೆ ಕ್ಯಾಪ್ ಇಡುವ ಚಿಕ್ಕ ಚೀಲ, ಹಿಂದೆ 40 ತೋಟಾ ಹಿಡಿಸುವ ಚರ್ಮದ ಪೆಟ್ಟಿಗೆ, ಅದರ ಮುಚ್ಚಳ ಅರ್ಧ ತೆರೆದಿದೆ. ತೋಟಾ ಈಗ ತಾನೇ ತೆಗೆದಿದ್ದಾನಲ್ಲ, ತೆರೆದೇ ಇರಬೇಕು! ಭೂತಗನ್ನಡಿ ಇಲ್ಲದೆ ಕಾಣದಷ್ಟು ಚಿಕ್ಕ ವಿಷಯ, ಅದನ್ನೂ ಬಿಟ್ಟಿಲ್ಲ.

ಉಳಿದವರು ಹೆಚ್ಚಿನವರು ಓಡುತ್ತಿದ್ದಾರೆ, ಬಯೋನೆಟ್ (ಬಂದೂಕಿನ ತುದಿಗೆ ಸಿಕ್ಕಿಸುವ ಚೂರಿ) ಮುಂದೆ ಚಾಚಿಕೊಂಡು. ಒಬ್ಬ ಬಾವುಟ ಹಿಡಿದವನು, ಒಬ್ಬ ಕತ್ತಿ ಎತ್ತಿದ ಅಧಿಕಾರಿ, ಒಬ್ಬ ಬಿದ್ದವನು. ಬಯೋನೆಟ್‌ಗಳು ಸ್ವಲ್ಪ ದಪ್ಪ ಬಂದಿವೆ. ಈ ಅಳತೆಯಲ್ಲಿ ಅದನ್ನು ತಪ್ಪು ಅನ್ನುವುದಕ್ಕೆ ಮನಸ್ಸು ಬರುವುದಿಲ್ಲ, ಸಪೂರ ಮಾಡಿದರೆ ಮುರಿಯುತ್ತವೆ.

ಇನ್ನು ಬಣ್ಣದ ಪಟ್ಟಿ. ಕೋಟಿಗೆ ಕಡು ನೀಲಿ, ಪ್ಯಾಂಟಿಗೆ ತಿಳಿ ನೀಲಿ, ತೋಟಾ ಪೆಟ್ಟಿಗೆಗೆ ಕಪ್ಪು, ಬಂದೂಕಿನ ಹಿಡಿಗೆ ಕಂದು. ಎಲ್ಲ ಸರಿ. ಮೈಬಣ್ಣ ಅಂತ ಒಂದೇ ಒಂದು ಚೌಕ ಇದೆ, ತಿಳಿ ಗುಲಾಬಿ. ಐವತ್ತು ಜನ ಉತ್ತರದ ಸೈನಿಕರಿಗೂ ಅದೊಂದೇ.

ಇದು ಸಣ್ಣ ವಿಷಯ ಅಲ್ಲ. ಆ ಯುದ್ಧದಲ್ಲಿ ಉತ್ತರದ ಸೈನ್ಯದ ಪರ ಸುಮಾರು 1,80,000 ಕರಿಯ ಸೈನಿಕರು ಹೋರಾಡಿದ್ದಾರೆ, ನೌಕಾಪಡೆಯಲ್ಲಿದ್ದವರು ಬೇರೆ. 1863ರ ಜನವರಿ 1ರಂದು ಲಿಂಕನ್ ದಕ್ಷಿಣದ ಗುಲಾಮರ ಬಿಡುಗಡೆ ಸಾರುವ ವಿಮೋಚನಾ ಘೋಷಣೆ ಹೊರಡಿಸಿದ ಮೇಲೆ ಸೈನ್ಯದ ಬಾಗಿಲು ಅವರಿಗೆ ಪೂರ್ತಿ ತೆರೆಯಿತು. ಅಷ್ಟು ಜನರನ್ನು ಒಂದು ಚೌಕದ ಬಣ್ಣದಲ್ಲಿ ಅಳಿಸಿಹಾಕಿದರೆ ಹೇಗೆ? ಇದೇ ನೀಲಿ ಕೋಟು, ಇದೇ ಟೋಪಿ, ಇದೇ ಸೊಂಟಪಟ್ಟಿ ಅವರೂ ಹಾಕಿಕೊಂಡಿದ್ದರು. ಹೊಸ ಅಚ್ಚು ಕೂಡ ಬೇಕಿಲ್ಲ, ಪಟ್ಟಿಯಲ್ಲಿ ಇನ್ನೆರಡು ಚೌಕ ಸೇರಿಸಿದ್ದರೆ ಸಾಕಿತ್ತು.

ಹಾಗಾಗಿ ನಾನು ನೀಲಿ ಪೆಟ್ಟಿಗೆಯನ್ನು ಪೂರ್ತಿ 54ನೇ ಮ್ಯಾಸಚೂಸೆಟ್ಸ್ ರೆಜಿಮೆಂಟ್ ಮಾಡಿದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಉತ್ತರದ ರಾಜ್ಯಗಳಲ್ಲಿ ಮೊದಮೊದಲು ಕಟ್ಟಿದ ಕರಿಯರ ರೆಜಿಮೆಂಟ್‌ಗಳಲ್ಲಿ ಇದು ಒಂದು. ಅಧಿಕಾರಿಗಳು ಬಿಳಿಯರು, ಸೈನಿಕರು ಕರಿಯರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ದೊಡ್ಡ ಮಾತುಗಾರ, ಹೋರಾಟಗಾರ ಆದ ಫ್ರೆಡರಿಕ್ ಡಗ್ಲಸ್ ಅವರ ಇಬ್ಬರು ಮಕ್ಕಳೂ ಇದಕ್ಕೆ ಸೇರಿದ್ದರು. 1863ರ ಜುಲೈ 18ರಂದು ಕತ್ತಲಾಗುವ ಹೊತ್ತಿಗೆ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಬಂದರಿನ ಹತ್ತಿರ ವ್ಯಾಗ್ನರ್ ಕೋಟೆಯ ಮೇಲೆ ಇವರು ಮುಂದಿನ ಸಾಲಿನಲ್ಲಿ ನುಗ್ಗಿದರು. ಹೋದವರು 600 ಜನ. ಸತ್ತವರು, ಗಾಯವಾದವರು, ಸಿಕ್ಕಿಬಿದ್ದವರು, ಕಾಣೆಯಾದವರು ಎಲ್ಲ ಸೇರಿ 250ಕ್ಕೂ ಜಾಸ್ತಿ. ಕೋಟೆ ಸಿಗಲಿಲ್ಲ. ರೆಜಿಮೆಂಟಿನ ನಾಯಕ ಕರ್ನಲ್ ರಾಬರ್ಟ್ ಗೌಲ್ಡ್ ಶಾ ಕೋಟೆಯ ಗೋಡೆಯ ಮೇಲೇ ಸತ್ತ. ದಕ್ಷಿಣದವರು ಅವನನ್ನು ಅವನ ಸೈನಿಕರ ಜೊತೆ ಒಂದೇ ಗುಂಡಿಯಲ್ಲಿ ಹೂತರು.

ಬಾವುಟದ ಬೊಂಬೆ ಇದೆಯಲ್ಲ, ಅವನಿಗೆ ನಾನು ಎಲ್ಲರಿಗಿಂತ ಹೆಚ್ಚು ಹೊತ್ತು ಕೊಟ್ಟೆ. ಆ ಸಂಜೆ ಬಾವುಟ ಹಿಡಿದವನು ಬಿದ್ದಾಗ ಸಾರ್ಜೆಂಟ್ ವಿಲಿಯಂ ಕಾರ್ನಿ ಅದನ್ನು ಎತ್ತಿಕೊಂಡ, ಕೋಟೆ ಗೋಡೆಯ ತನಕ ಒಯ್ದ, ಮೈಮೇಲೆ ಒಂದಕ್ಕಿಂತ ಹೆಚ್ಚು ಗುಂಡೇಟು ತಿಂದು ಬಾವುಟದ ಜೊತೆಗೇ ವಾಪಸ್ ಬಂದ. ಅದಕ್ಕೆ ಮೆಡಲ್ ಆಫ್ ಆನರ್, ಅಂದರೆ ಅಮೆರಿಕದ ಅತಿ ದೊಡ್ಡ ಶೌರ್ಯ ಪದಕ, ಕೊಟ್ಟಿದ್ದು 1900ರಲ್ಲಿ. 37 ವರ್ಷ ಕಾದರು!

ಸಂಬಳದ ವಿಷಯ ಇನ್ನೂ ಹೊಟ್ಟೆ ಉರಿಸುತ್ತದೆ. ಬಿಳಿಯ ಸೈನಿಕನಿಗೆ ತಿಂಗಳಿಗೆ 13 ಡಾಲರ್. ಕರಿಯನಿಗೆ 10, ಅದರಲ್ಲೂ ಬಟ್ಟೆಗೆ ಅಂತ 3 ಹಿಡಿದುಕೊಳ್ಳುತ್ತಿದ್ದರು. 54ನೇ ರೆಜಿಮೆಂಟಿನವರು ಆ ಸಂಬಳವನ್ನು ಮುಟ್ಟಲೇ ಇಲ್ಲ. ಕಡಿಮೆ ಬಿದ್ದ ದುಡ್ಡನ್ನು ನಾವು ತುಂಬಿಕೊಡುತ್ತೇವೆ ಅಂತ ಮ್ಯಾಸಚೂಸೆಟ್ಸ್ ರಾಜ್ಯ ಮುಂದೆ ಬಂದರೂ ಬೇಡ ಅಂದರು. ಕೊಡುವುದಾದರೆ ಕೇಂದ್ರ ಸರ್ಕಾರವೇ ಸಮ ಕೊಡಲಿ ಅಂತ. ಮನೆಯಲ್ಲಿ ಹೆಂಡತಿ ಮಕ್ಕಳು ಕಷ್ಟದಲ್ಲಿದ್ದರು, ಇವರು ದುಡ್ಡಿಲ್ಲದೆ ಯುದ್ಧ ಮಾಡುತ್ತಿದ್ದರು. 1864ರ ಜೂನ್‌ನಲ್ಲಿ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಸಮಾನ ಸಂಬಳದ ಕಾನೂನು ಮಾಡಿತು. ಇದನ್ನೆಲ್ಲ ಓದಿದ ಮೇಲೆ ಆ ಗುಲಾಬಿ ಚೌಕ ನೋಡಿದರೆ ಕೋಪ ಬರದೆ ಇರುತ್ತದಾ?

ಮೈಬಣ್ಣ ಬೆರೆಸುವುದು ಹೇಗೆ ಅಂತ ಬರೆದುಬಿಡುತ್ತೇನೆ, ಎಲ್ಲಿಯೂ ಸುಲಭಕ್ಕೆ ಸಿಗುವುದಿಲ್ಲ. ಬರ್ನ್ಟ್ ಅಂಬರ್ (ಕಡು ಕಂದು) ಮೂಲ ಬಣ್ಣ. ಅದಕ್ಕೆ ಬರ್ನ್ಟ್ ಸಿಯೆನ್ನಾ (ಕೆಂಪು ಕಂದು), ಚೂರು ಯೆಲ್ಲೋ ಓಕರ್ (ಮಣ್ಣು ಹಳದಿ). ಒಂದೇ ಸಲ ಬೆರೆಸಿ ಎಲ್ಲರಿಗೂ ಹಚ್ಚಬೇಡಿ. ನಾಲ್ಕೈದು ಬೊಂಬೆಗೊಮ್ಮೆ ಪ್ರಮಾಣ ಬದಲಿಸಿ, ಕೆಲವರು ಕಡುಗಪ್ಪು, ಕೆಲವರು ಎಣ್ಣೆಗೆಂಪು ಬರಲಿ, ನಿಜವಾದ ಜನರು ಹಾಗೇ ಅಲ್ವಾ. ಕಪ್ಪು ಬಣ್ಣ ಸೇರಿಸಬೇಡಿ, ಮುಖ ಸತ್ತುಹೋಗುತ್ತದೆ. ಕಣ್ಣಿನ ವಿಷಯಕ್ಕೆ ಸಾಗರದಲ್ಲಿ ಗಂಧದ ಕೆತ್ತನೆ ಮಾಡುವ ಗುಡಿಗಾರರ ಮನೆಯ ಹಿರಿಯರೊಬ್ಬರನ್ನು ಕೇಳಿದ್ದೆ. ಬೊಂಬೆಯನ್ನು ಬೆಳಕಿಗೆ ಹಿಡಿದು ನೋಡಿ, "ಇಷ್ಟು ಸಣ್ಣ ಮುಖಕ್ಕೆ ಕಣ್ಣು ಬರೀಬೇಡ ಮಾರಾಯ, ಹುಬ್ಬಿನ ಕೆಳಗೆ ನೆರಳು ಕೊಡು, ಕಣ್ಣು ತಾನಾಗಿ ಬರ್ತದೆ" ಅಂದರು. ಬಂತು.

ಒಳಗಿನ ಚೀಟಿ ಇನ್ನೂ ಕೆಟ್ಟದು. ಯುದ್ಧದ ಪರಿಚಯ ಅಂತ ಅರ್ಧ ಪುಟ ಇದೆ. ರಾಜ್ಯಗಳ ಹಕ್ಕಿಗಾಗಿ ಅಣ್ಣತಮ್ಮಂದಿರು ಹೊಡೆದಾಡಿದರು, ಎರಡೂ ಕಡೆ ಶೂರರು, ಅಷ್ಟೇ. ಗುಲಾಮಗಿರಿ ಅನ್ನುವ ಮಾತು ಒಂದು ಕಡೆಯೂ ಇಲ್ಲ. ರಾಜ್ಯಗಳ ಹಕ್ಕು, ಸರಿ, ಯಾವುದರ ಹಕ್ಕು? 1860ರ ನವೆಂಬರಿನಲ್ಲಿ ಲಿಂಕನ್ ಅಧ್ಯಕ್ಷರ ಚುನಾವಣೆ ಗೆದ್ದ, ಡಿಸೆಂಬರ್ 20ಕ್ಕೆ ದಕ್ಷಿಣ ಕೆರೊಲಿನಾ ದೇಶ ಬಿಟ್ಟು ಹೊರಟಿತು, ಕೊನೆಗೆ 11 ರಾಜ್ಯ ಬೇರೆಯಾದವು. ಮಿಸಿಸಿಪ್ಪಿಯ ಘೋಷಣೆಯಲ್ಲಿ ನಮ್ಮ ನಿಲುವು ಗುಲಾಮಗಿರಿಯ ಜೊತೆಗೇ ಬೆಸೆದುಕೊಂಡಿದೆ ಅಂತ ಅವರೇ ಬಿಚ್ಚಿ ಬರೆದಿದ್ದಾರೆ. ಆಗ ಗುಲಾಮರಾಗಿದ್ದವರು ಸುಮಾರು 40 ಲಕ್ಷ. ಇದನ್ನು ಬಿಟ್ಟು ಆ ಯುದ್ಧದ ಬಗ್ಗೆ ಮಕ್ಕಳಿಗೆ ಒಂದು ಸಾಲೂ ಹೇಳಬಾರದು.

ದಕ್ಷಿಣದ ಬೊಂಬೆಗಳ ಬಗ್ಗೆ ನನಗೆ ತಕರಾರಿಲ್ಲ, ಅವನ್ನೂ ಅಷ್ಟೇ ಶ್ರದ್ಧೆಯಿಂದ ಹಚ್ಚಿದೆ. ಅಲ್ಲಿ ಹೋರಾಡಿದ ಎಷ್ಟೋ ರೈತರ ಮಕ್ಕಳ ಮನೆಯಲ್ಲಿ ಗುಲಾಮರೇ ಇರಲಿಲ್ಲ. 1862ರ ಏಪ್ರಿಲ್‌ನಲ್ಲಿ ಕಡ್ಡಾಯ ಸೇನಾ ಭರ್ತಿ ಬಂತು. ಅದೇ ವರ್ಷ 20 ಅಥವಾ ಹೆಚ್ಚು ಗುಲಾಮರಿರುವ ತೋಟಗಳಿಗೆ ಒಬ್ಬ ಬಿಳಿಯನಿಗೆ ವಿನಾಯಿತಿ ಕೊಟ್ಟರು. ಬಡವರು ಆಗಲೇ ಗೊಣಗಿದರು, ಇದು ಶ್ರೀಮಂತರ ಯುದ್ಧ, ಹೊಡೆದಾಟ ಮಾತ್ರ ನಮ್ಮದು ಅಂತ. ಬರಿಗಾಲಿನ ಸೈನಿಕನೊಬ್ಬ ಈ ಪೆಟ್ಟಿಗೆಯಲ್ಲಿದ್ದಾನೆ. ಕಾಲ್ಬೆರಳು ಐದೂ ಎಣಿಸಬಹುದು.

ಪಟ್ಟಿ ಇಲ್ಲಿ ಎಲ್ಲರಿಗೂ ಒಂದೇ ಬೂದು ಹೇಳುತ್ತದೆ. ಅದೂ ಸರಿಯಿಲ್ಲ. ಬಟ್ಟೆ ಸಾಲದೆ ಊರಿನಲ್ಲೇ ಮರದ ತೊಗಟೆ, ಕಾಯಿಯ ಸಿಪ್ಪೆಯಲ್ಲಿ ಬಣ್ಣ ಹಾಕುತ್ತಿದ್ದರು, ಹಳದಿ ಮಿಶ್ರಿತ ಕಂದು ಬರುತ್ತಿತ್ತು. ಅಡಿಕೆ ಬೇಯಿಸಿದ ಚೊಗರಿಗೆ ತುಂಬಾ ನೀರು ಹಾಕಿ ಬಿಳಿ ಪಂಚೆ ಅದ್ದಿದರೆ ಬರುವ ಬಣ್ಣ ಇದೆಯಲ್ಲ, ಹೆಚ್ಚುಕಡಿಮೆ ಅದು. ಹತ್ತು ಜನರಲ್ಲಿ ಮೂರ್ನಾಲ್ಕು ಜನರಿಗೆ ಬೂದು, ಉಳಿದವರಿಗೆ ಈ ಕಂದನ್ನೇ ಬೇರೆ ಬೇರೆ ಹದದಲ್ಲಿ ಹಚ್ಚಿ. ಯುದ್ಧದ ಮೊದಲ ವರ್ಷವಾದರೆ ನೀಲಿ ಹಾಕಿದ ದಕ್ಷಿಣದವರೂ ಇದ್ದರು, ಬೂದು ಹಾಕಿದ ಉತ್ತರದವರೂ ಇದ್ದರು. 1861ರ ಜುಲೈ 21ರಂದು ವರ್ಜಿನಿಯಾದ ಬುಲ್ ರನ್ ಹೊಳೆಯ ಹತ್ತಿರ ನೀಲಿ ಬಟ್ಟೆಯ ಒಂದು ದಂಡು ತಮ್ಮ ಕಡೆ ಬರುವುದು ನೋಡಿ ಉತ್ತರದ ಫಿರಂಗಿಯವರು ನಮ್ಮವರೇ ಅಂತ ಸುಮ್ಮನಿದ್ದರು. ಬಂದವರು ದಕ್ಷಿಣದ 33ನೇ ವರ್ಜಿನಿಯಾ ರೆಜಿಮೆಂಟಿನವರು. ಹತ್ತಿರ ಬಂದು ಗುಂಡು ಸುರಿಸಿ ಫಿರಂಗಿ ಹಿಡಿದರು. ಒಂದೇ ಭಾಷೆ, ಒಂದೇ ತರದ ಮುಖ, ಬಟ್ಟೆಯೂ ಕಲಸಿಹೋದರೆ ಗುರುತು ಹಿಡಿಯುವುದು ಹೇಗೆ.

ಎರಡೂ ಪೆಟ್ಟಿಗೆಗೆ ಸೇರಿದ ಒಂದು ಕೊರತೆ ಇದೆ. ಎಲ್ಲರೂ ಹೊಡೆದಾಡುತ್ತಲೇ ಇದ್ದಾರೆ. ಅಡುಗೆ ಮಾಡುವವನಿಲ್ಲ, ಕಾಗದ ಬರೆಯುವವನಿಲ್ಲ, ಸ್ಟ್ರೆಚರ್ ಹೊರುವವನಿಲ್ಲ, ಮಲಗಿದ ರೋಗಿ ಇಲ್ಲ. ಆ ನಾಲ್ಕು ವರ್ಷದಲ್ಲಿ ಸತ್ತ ಸೈನಿಕರು 6,20,000 ಅನ್ನುವುದು ಹಳೆಯ ಲೆಕ್ಕ, ಜನಗಣತಿ ಇಟ್ಟುಕೊಂಡು 2011ರಲ್ಲಿ ಮಾಡಿದ ಲೆಕ್ಕದಲ್ಲಿ 7,50,000ದ ಹತ್ತಿರ. ಅವರಲ್ಲಿ ಮೂರರಲ್ಲಿ ಎರಡು ಪಾಲು ಸತ್ತಿದ್ದು ಗುಂಡಿಗಲ್ಲ, ಭೇದಿ, ಟೈಫಾಯ್ಡ್, ನ್ಯುಮೋನಿಯಾಕ್ಕೆ. ಐವತ್ತು ಬೊಂಬೆಯಲ್ಲಿ ನಾಲ್ಕೈದಾದರೂ ಬಿಡಾರದವರು ಇರಬೇಕಿತ್ತು.

ಬಣ್ಣ ಹಚ್ಚುವವರಿಗೆ ಕೆಲಸದ ಮಾತು. ಇದು ಬಾಗುವ ಮೆದು ಪ್ಲಾಸ್ಟಿಕ್, ಹಾಗೇ ಹಚ್ಚಿದರೆ ಒಂದು ವಾರಕ್ಕೆ ಬಣ್ಣ ಸಿಪ್ಪೆ ಏಳುತ್ತದೆ, ಮೊದಲು ಬಂದೂಕಿನ ತುದಿಯಲ್ಲಿ. ಅಚ್ಚಿನ ಎಣ್ಣೆ ಹೋಗುವ ತನಕ ಪಾತ್ರೆ ಸೋಪಿನಲ್ಲಿ ಅಥವಾ ಅಂಟುವಾಳದ ನೊರೆಯಲ್ಲಿ ಹಳೆ ಬ್ರಷ್ ಹಾಕಿ ತೊಳೆಯಿರಿ. ಒಣಗಿದ ಮೇಲೆ ಫೆವಿಕಾಲ್‌ಗೆ ನೀರು ಬೆರೆಸಿ ತೆಳ್ಳಗೆ ಒಂದು ಕೋಟ್ ಕೊಡಿ, ಅದರ ಮೇಲೆ ಅಕ್ರಿಲಿಕ್. ದುಬಾರಿ ಆಮದು ಬಣ್ಣ ಬೇಕಾಗಿಲ್ಲ, ಶಿವಮೊಗ್ಗದ ದುರ್ಗಿಗುಡಿ ಕಡೆಯ ಸ್ಟೇಷನರಿ ಅಂಗಡಿಗಳಲ್ಲಿ ಸಿಗುವ ಕ್ಯಾಮೆಲ್ ಸಾಕು. ಮಳೆಗಾಲದಲ್ಲಿ ಒಂದು ಕೋಟ್ ಹಚ್ಚಿದರೆ ಮಾರನೇ ದಿನದ ತನಕ ಮುಟ್ಟಬೇಡಿ. ಬೇಗ ಒಣಗಲಿ ಅಂತ ಬಚ್ಚಲ ಒಲೆಯ ಪಕ್ಕ ಇಡಲೇಬೇಡಿ, ಬಂದೂಕು ಬಾಗುತ್ತದೆ. ಸ್ಪ್ರೇ ವಾರ್ನಿಷ್ ಈ ತೇವಕ್ಕೆ ಬೆಳ್ಳಗೆ ಮಂಜು ಕವಿದಂತೆ ಆಗುತ್ತದೆ, ಬ್ರಷ್‌ನಲ್ಲಿ ಹಚ್ಚುವ ವಾರ್ನಿಷ್ ತಗೊಳ್ಳಿ. ಬುಡಕ್ಕೆ ತುಂಗಾ ಮರಳನ್ನು ಟೀ ಜರಡಿಯಲ್ಲಿ ಸೋಸಿ ಅಂಟಿಸಿದೆ. ವ್ಯಾಗ್ನರ್ ಕೋಟೆ ಇದ್ದಿದ್ದು ಸಮುದ್ರದ ದಂಡೆಯಲ್ಲಿ, ಗೋಡೆಯೇ ಮರಳು ಮತ್ತು ತಾಳೆ ಜಾತಿಯ ಮರದ ದಿಮ್ಮಿಯದ್ದು, ಹಾಗಾಗಿ ಮೇಲೆ ಬಿಳಿಗೆ ಚೂರು ಓಕರ್ ಬೆರೆಸಿ ಒಣ ಬ್ರಷ್ ಆಡಿಸಿದೆ.

ಒಂದೇ ಪೆಟ್ಟಿಗೆ ತರಿಸುವುದಾದರೆ ಉತ್ತರದವರದ್ದನ್ನೇ ತರಿಸಿ, ಆ ತೋಟಾ ಕಚ್ಚುವವನಿಗಾಗಿಯಾದರೂ. ಐದಕ್ಕೆ ನಾಲ್ಕು ಬೊಂಬೆಗೆ, ಚೀಟಿಗೆ ಸೊನ್ನೆ. ಮೈಬಣ್ಣದ ಬಗ್ಗೆ, ಚೀಟಿಯ ಬಗ್ಗೆ ಕಂಪನಿಗೆ ಬರೆದಿದ್ದೇನೆ, ಉತ್ತರ ಬಂದಿಲ್ಲ. ಕೊಂಡವರು ನೀವೂ ಬರೆಯಿರಿ, ಹತ್ತು ಜನ ಕೇಳಿದರೆ ಮುಂದಿನ ಸಲ ಅಚ್ಚು ಹಾಕುವಾಗ ಎರಡು ಚೌಕ ಸೇರಿಸಬಹುದು. ಆರ್ಡರ್ ಮಾತ್ರ ದೀಪಾವಳಿ ಕಳೆದ ಮೇಲೆ ಮಾಡಿ, ಬಣ್ಣವೂ ಒಣಗುತ್ತದೆ, ರಟ್ಟೂ ನೆನೆಯುವುದಿಲ್ಲ.