‘ಹಳೇ ವಿಂಟೇಜ್’ ಅಂತ ಬೆಂದ ವೈನ್ ಮಾರ್ತಿದ್ದಾರೆ, ಹುಬ್ಬಳ್ಳಿ-ಧಾರವಾಡದವರು ಹುಷಾರಾಗಿರಿ

ಮೊದಲೇ ಹೇಳಿಬಿಡ್ತೀನಿ. ಹುಬ್ಬಳ್ಳಿಯ ಅಂಗಡಿಯಲ್ಲಿ ಯಾರಾದರೂ ‘ಹಳೇ ವಿಂಟೇಜ್ ಐತ್ರಿ’ (ಎಷ್ಟೋ ವರ್ಷದ ಹಿಂದಿನ ಕೊಯ್ಲಿನದು) ಅಂತ ರೆಡ್ ವೈನ್ ಕೈಗಿಟ್ಟರೆ, ಬಾಟಲಿಯ ಕುತ್ತಿಗೆ ನೋಡದೆ ದುಡ್ಡು ತೆಗೆಯಬೇಡಿ. ನನ್ನ 7,200 ರೂಪಾಯಿ ಹೀಗೇ ಹೋಯ್ತು. ವೈನ್ ವಿಷಯ ಗೊತ್ತಿದ್ದೂ ಹೋಯ್ತು, ಅದಕ್ಕೇ ಇನ್ನೂ ಹೊಟ್ಟೆ ಉರೀತಿದೆ.

ಬಾಟಲಿ 2013ರ ಬೋರ್ಡೋ, ಅಂದರೆ ಫ್ರಾನ್ಸಿನ ಬೋರ್ಡೋ ಸೀಮೆಯ ವೈನ್. ಲೇಬಲ್ ಮೇಲೆ ಬಂಗಾರದ ಅಕ್ಷರದಲ್ಲಿ ‘ಗ್ರ್ಯಾಂಡ್ ವ್ಯಾಂ ದ ಬೋರ್ಡೋ’. ಅದು ಯಾವ ದರ್ಜೆಯ ಹೆಸರೂ ಅಲ್ಲ, ಬರೀ ಅಲಂಕಾರ. ಕೆಳಗೆ ಸಣ್ಣದಾಗಿ ‘ಬೋರ್ಡೋ’ ಅಂತ ಅಷ್ಟೇ. ಪೊಯಾಕ್, ಸೇಂಟ್ ಎಮಿಲಿಯಾನ್ ಹೀಗೆ ಒಂದು ಊರಿನ ಹೆಸರಿಲ್ಲ. ಅಂದರೆ ನಾಲ್ಕೈದು ವರ್ಷದೊಳಗೆ ಕುಡಿದು ಮುಗಿಸಬೇಕಾದ ಸಾದಾ ಮಾಲು. ಅದರಲ್ಲೂ 2013 ಅಲ್ಲಿಗೆ ಕೆಟ್ಟ ವರ್ಷ: ಚಳಿಗೆ ಹೂವು ಸರಿಯಾಗಿ ಕಾಯಿ ಕಟ್ಟಲಿಲ್ಲ, ಕೊಯ್ಲಿನ ಹೊತ್ತಿಗೆ ಮಳೆ, ಕೊಳೆ. 2005 ಅಥವಾ 2010 ಆಗಿದ್ದರೆ ಮಾತು ಬೇರೆ. ಇದೆಲ್ಲ ಗೊತ್ತಿತ್ತು. ‘ಸರ, ಒಂದ ಪೀಸ್ ಉಳದೈತ್ರಿ’ ಅಂತ ಅಂಗಡಿಯವರು ಅಂದ ಕೂಡಲೇ ಗೊತ್ತಿದ್ದದ್ದೆಲ್ಲ ಮರೆತುಹೋಯ್ತು.

ರೆಡ್ ವೈನ್ ಹಳೇದಾದಷ್ಟೂ ರುಚಿ ಅನ್ನೋ ಮಾತು ಬಹುಪಾಲು ವೈನ್‌ಗೆ ಸುಳ್ಳು. ಹಣ್ಣಿನ ಸಿಪ್ಪೆ, ಬೀಜದಿಂದ ಬರೋ ಒಗರು, ಅಂದರೆ ಟ್ಯಾನಿನ್, ಸಾಕಷ್ಟಿರಬೇಕು. ಜೊತೆಗೆ ಹುಳಿ ಇರಬೇಕು, ಹಣ್ಣಿನ ಸತ್ವ ಇರಬೇಕು. ಕ್ಯಾಬರ್ನೆ ಸೊವಿನ್ಯೋ, ಇಟಲಿಯ ನೆಬ್ಬಿಯೋಲೊ ಇಂಥ ದ್ರಾಕ್ಷಿ ತಳಿಯ ವೈನ್‌ಗಳು ಚೆನ್ನಾಗಿ ಮಾಡಿದ್ದರೆ ಇಪ್ಪತ್ತು ವರ್ಷ ತಡೀತವೆ. ಟ್ಯಾನಿನ್ ಒಂದಕ್ಕೊಂದು ಕೂಡಿಕೊಂಡು ಭಾರವಾಗಿ ಗಷ್ಟಾಗಿ ತಳಕ್ಕೆ ಇಳಿಯುತ್ತೆ, ಒಗರು ಮೆತ್ತಗಾಗುತ್ತೆ, ನೇರಳೆ ಬಣ್ಣ ಹೋಗಿ ಅಂಚಿನಲ್ಲಿ ಇಟ್ಟಂಗಿ ಬಣ್ಣ ಬರುತ್ತೆ. ಆದರೆ ಇದು ನಿಧಾನಕ್ಕೆ ಆಗಬೇಕು: 12ರಿಂದ 14 ಡಿಗ್ರಿ, ಏರಿಳಿತವಿಲ್ಲದೆ, ಕತ್ತಲೆಯಲ್ಲಿ, ಬೂಚು ಒದ್ದೆಯಾಗಿರುವಂತೆ ಬಾಟಲಿ ಅಡ್ಡ ಮಲಗಿಸಿ, ಗಾಳಿಯಲ್ಲಿ ಶೇ 60-70 ತೇವ.

ನಮ್ಮ ಬಾಟಲಿ ಎಲ್ಲಿತ್ತು? ಪಶ್ಚಿಮಕ್ಕೆ ಮುಖ ಮಾಡಿದ ಗಾಜಿನ ಷೋಕೇಸ್‌ನ ಮೇಲಿನ ಸಾಲಿನಲ್ಲಿ, ಎರಡು ಲೈಟಿನ ಕೆಳಗೆ, ನೆಟ್ಟಗೆ ನಿಂತು. ಎಷ್ಟು ವರ್ಷದಿಂದ ಅಂತ ಕೇಳಿದರೆ ‘ಭಾಳ ದಿನದಿಂದ ಐತ್ರಿ’ ಅಂತ ಹೆಮ್ಮೆಯಿಂದ ಹೇಳಿದರು. ಅಲ್ಲೇ ಎದ್ದು ಬರಬೇಕಿತ್ತು.

ಹುಬ್ಬಳ್ಳಿಯಲ್ಲಿ ಏಪ್ರಿಲ್ ಅಂದರೆ 37-38 ಡಿಗ್ರಿ. ಹಗಲು ಎಸಿ, ರಾತ್ರಿ ಬಾಗಿಲು ಹಾಕಿದ ಮೇಲೆ ಎಸಿ ಬಂದ್. ಬಿಸಿಗೆ ವೈನ್ ಹಿಗ್ಗಿ ಬೂಚನ್ನ ಮೇಲಕ್ಕೆ ದೂಡುತ್ತೆ, ಸಂದಿನಿಂದ ಒಸರುತ್ತೆ. ತಣ್ಣಗಾದಾಗ ಕುಗ್ಗಿ ಅದೇ ಸಂದಿನಿಂದ ಗಾಳಿ ಒಳಗೆಳೆದುಕೊಳ್ಳುತ್ತೆ. ವರ್ಷಗಟ್ಟಲೆ ಇದೇ. ಆ ವೈನ್ ಮಾಗಲಿಲ್ಲ, ಬೆಂದುಹೋಯ್ತು.

ಮನೆಯಲ್ಲಿ ಕ್ಯಾಪ್ಸೂಲ್, ಅಂದರೆ ಬೂಚಿನ ಮೇಲಿನ ಹೊದಿಕೆ, ಕತ್ತರಿಸಿದಾಗ ಗೊತ್ತಾಯ್ತು. ಒಳಗೆ ಅಂಟು ಅಂಟು, ಕಂದು ಕಲೆ. ಬೂಚು ಗಾಜಿನ ಅಂಚಿಗಿಂತ ಎರಡು ಮಿಲಿಮೀಟರ್ ಮೇಲಿತ್ತು. ಒಂದು ಬದಿಯಲ್ಲಿ ಕೆಳಗಿಂದ ಮೇಲಿನವರೆಗೂ ವೈನ್ ಹತ್ತಿದ ಗೆರೆ. ಲೋಟಕ್ಕೆ ಸುರಿದರೆ ಅಂಚಷ್ಟೇ ಅಲ್ಲ, ನಡುವೆಯೂ ಕಂದು. ವಾಸನೆ ಜೋನಿ ಬೆಲ್ಲದಲ್ಲಿ ಒಣದ್ರಾಕ್ಷಿ ಕುದಿಸಿದ ಹಾಗೆ, ಹಿಂದೆಯೇ ವಿನೆಗರ್. ಹಣ್ಣಿನ ಸುಳಿವೇ ಇಲ್ಲ. ಅಷ್ಟಕ್ಕೇ ಮುಗಿಯಲಿಲ್ಲ. ರೇಟಿನ ಚೀಟಿ ಉಗುರಿನಿಂದ ಎಬ್ಬಿಸಿದರೆ ಕೆಳಗೆ ಆಮದು ಸ್ಟಿಕ್ಕರ್, ಎಂಆರ್‌ಪಿ 2,950! ಆ ಕ್ಷಣ ಮನೆಯವರ ಮುಖ ನೋಡೋಕಾಗಲಿಲ್ಲ.

ಬಾಟಲಿ, ಬೂಚು, ಚೀಟಿ ಎಲ್ಲ ಹಿಡಿದು ಮರುದಿನ ಹೋದರೆ ಸಿಕ್ಕ ಉತ್ತರ:

‘ಹಳೇ ವೈನ್ ಅಂದ್ರ ಹಿಂಗ ಇರ್ತೈತ್ರಿ ಸರ. ನಿಮಗ ಹೊಸಾದು ಕುಡದು ರೂಢಿ ಆಗೇತಿ.’

ಬೂಚು ತೋರಿಸಿದೆ. ‘ಹಳೇದೈತಲ್ರಿ, ಸ್ವಲ್ಪ ಮ್ಯಾಲ ಬರತೈತಿ.’

ಎಂಆರ್‌ಪಿ ತೋರಿಸಿದೆ. ‘ಅದು ಆವಾಗಿನ ರೇಟ್ರಿ. ಹಳೇದಾದಂಗ ರೇಟ್ ಏರತೈತಿ.’

ಏನು ಕೇಳಿದರೂ ಹಳೇದು, ಹಳೇದು, ಹಳೇದು. ಕೊನೆಗೆ ‘ಓಪನ್ ಮಾಡಿದ್ದು ವಾಪಸ್ ತಗೊಳಾಂಗಿಲ್ರಿ.’ ತೆರೆಯದೆ ಒಳಗೆ ಕೆಟ್ಟಿದೆ ಅಂತ ತಿಳಿಯೋದು ಹೇಗೆ? ಬಿಲ್ಲೂ ಕೊಟ್ಟಿರಲಿಲ್ಲ, ಕೇಳದೇ ಇದ್ದದ್ದು ನನ್ನ ತಪ್ಪು. ಎಂಆರ್‌ಪಿಗಿಂತ ಹೆಚ್ಚು ದುಡ್ಡು ತಗೊಂಡರೆ ಅಬಕಾರಿ ಇಲಾಖೆಗೆ ದೂರು ಕೊಡಬಹುದು, ಆದರೆ ಕೈಯಲ್ಲಿ ಬಿಲ್ ಇಲ್ಲದಿದ್ದರೆ ಸಾಬೀತು ಮಾಡೋದು ಕಷ್ಟ.

ನೀವು ಕೊಳ್ಳೋದೇ ಆದರೆ ಬಾಟಲಿಯನ್ನ ಬೆಳಕಿಗೆ ಹಿಡಿದು ವೈನ್ ಎಲ್ಲಿವರೆಗಿದೆ ನೋಡಿ. ಹತ್ತು ವರ್ಷದ್ದಾದರೂ ಕುತ್ತಿಗೆಯೊಳಗೇ ಇರಬೇಕು, ಭುಜಕ್ಕೆ ಇಳಿದಿದ್ದರೆ ಬೇಡ. ಕ್ಯಾಪ್ಸೂಲ್ ಮೇಲೆ ಹೆಬ್ಬೆರಳು ಒತ್ತಿ, ಉಬ್ಬಿದ್ದರೆ ಬೂಚು ಎದ್ದಿದೆ ಅಂತಲೇ ಅರ್ಥ. ಮೆಲ್ಲಗೆ ತಿರುಗಿಸಿ, ಅಂಟಿಕೊಂಡಿದ್ದರೆ ಒಸರಿರಬಹುದು (ಕೆಲವು ಬಿಗಿಯಾಗೇ ಇರ್ತವೆ, ಅದೊಂದನ್ನೇ ನೆಚ್ಚಬೇಡಿ). ಚೀಟಿ ಅಲ್ಲೇ ಕಿತ್ತು ನೋಡಿ, ಬೇಜಾರಾದರೆ ಆಗಲಿ. ಇಲ್ಲಿನ ಅಂಗಡಿಗಳಲ್ಲಿ ಎರಡು-ಮೂರು ವರ್ಷದೊಳಗಿನ ನಂದಿ ಬೆಟ್ಟದ ಕಡೆಯದೋ ನಾಸಿಕ್‌ನದೋ ರೆಡ್ ತಗೊಂಡರೆ 1,000-1,500ಕ್ಕೆ ಇದಕ್ಕಿಂತ ನೂರು ಪಾಲು ಒಳ್ಳೇದು ಸಿಗುತ್ತೆ. ಅದನ್ನೂ ಮನೆಯಲ್ಲಿ ಬೇಸಿಗೆ ದಾಟಿಸಬೇಡಿ.

ಒಂದೇ ಪೀಸ್ ಅಂದಿದ್ದರಲ್ಲ, ಮರುದಿನ ಅದೇ ಸಾಲಿನಲ್ಲಿ ಅದೇ ಲೇಬಲ್ಲಿನ ಮೂರು ಬಾಟಲಿ ನಿಂತಿದ್ದವು. ಮೂರಕ್ಕೂ ಚೀಟಿ ಅಂಟಿಸಿತ್ತು.