ಚದರಕ್ಕೆ ಆರು ಸಾವಿರ ತೆಗೆದುಕೊಂಡ ಎಂಜಿನಿಯರ್

ಮೂವತ್ತೊಂದು ವರ್ಷ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕುಳಿತವಳು ನಾನು. ಏಳು ಕುಟುಂಬಗಳು ಸೇರಿ ಚಿತ್ರದುರ್ಗದ ಹೊರಗೆ, ಹೊಳಲ್ಕೆರೆ ರಸ್ತೆಯ ಕಡೆ, ಒಂದು ಎಕರೆ ಜಾಗದಲ್ಲಿ ಒಟ್ಟಿಗೆ ಮನೆ ಕಟ್ಟಿಸೋಣ ಎಂದು ಹೊರಟಾಗ ಹಣದ ಲೆಕ್ಕ ನನ್ನ ಪಾಲಿಗೆ ಬಂದದ್ದು ಅದೇ ಕಾರಣಕ್ಕೆ. ಹಾಗಾಗಿ ಇಲ್ಲಿ ಬರೆಯುವುದೆಲ್ಲ ನನ್ನ ಪುಸ್ತಕದಲ್ಲಿ ಇರುವ ಅಂಕಿಗಳೇ. ಎಂಜಿನಿಯರ್ ಹೆಸರು ಮಾತ್ರ ಹಾಕುವುದಿಲ್ಲ. ಹೆಸರು ಹಾಕಿದರೆ ಹೊಗಳಿದ್ದು ಜಾಹೀರಾತಾಗುತ್ತದೆ, ತೆಗಳಿದ್ದು ಜಗಳವಾಗುತ್ತದೆ.

ಮನೆಗಳು ಸಣ್ಣವು, ತಲಾ ಎಂಟು ಚದರ, ಅಂದರೆ ಎಂಟುನೂರು ಚದರಡಿ. ನಾಲ್ಕು ಮನೆಗಳ ಒಂದು ಸಾಲು, ಮೂರು ಮನೆಗಳ ಇನ್ನೊಂದು ಸಾಲು, ನಡುವೆ ಅಂಗಳ. ಜೊತೆಗೆ ಹತ್ತು ಚದರದ ‘ದೊಡ್ಡಮನೆ’: ದೊಡ್ಡ ಅಡುಗೆಮನೆ, ನೆಂಟರಿಗೆ ಎರಡು ಕೋಣೆ, ಎಲ್ಲರ ಬಟ್ಟೆಗೂ ಎರಡೇ ವಾಷಿಂಗ್ ಮಷೀನ್. ನಮ್ಮ ಗುಂಪಿನಲ್ಲಿರುವ ನಿವೃತ್ತ ಮೇಷ್ಟ್ರು, ಇದಕ್ಕೆ ಕೋಹೌಸಿಂಗ್ ಎನ್ನುತ್ತಾರೆ, ಡೆನ್ಮಾರ್ಕಿನಲ್ಲಿ 1972ರಲ್ಲೇ 27 ಮನೆಯವರು ಹೀಗೆ ಕಟ್ಟಿಕೊಂಡಿದ್ದಾರೆ ಎಂದು ಅರ್ಧ ಗಂಟೆ ವಿವರಿಸಿದರು. ನಮ್ಮತ್ತೆ ಎಲ್ಲವನ್ನೂ ಕೇಳಿಸಿಕೊಂಡು, “ವಠಾರ ಎನ್ನಿ” ಎಂದರು. ಅಂದಿನಿಂದ ಅದು ವಠಾರವೇ.

ಎಂಜಿನಿಯರ್‌ನನ್ನು ಆರಿಸಿದ್ದು ಶುಲ್ಕ ನೋಡಿ. ಸಾಮಾನು ಸಮೇತ ಗುತ್ತಿಗೆಗೆ ಒಬ್ಬರು ಚದರಡಿಗೆ 2,050 ರೂಪಾಯಿ ಹೇಳಿದರು. ಇನ್ನೊಬ್ಬರು ಒಟ್ಟು ಖರ್ಚಿನ ಮೇಲೆ ಶೇಕಡಾ ಆರು ಕೇಳಿದರು. ಖರ್ಚು ಏರಿದಷ್ಟೂ ಯಾರ ಸಂಪಾದನೆ ಏರುತ್ತದೆಯೋ ಅವರ ಕೈಗೆ ಖರ್ಚು ಇಳಿಸುವ ಕೆಲಸ ಕೊಡುವುದೆಂದರೆ ಬೆಕ್ಕನ್ನು ಹಾಲಿಗೆ ಕಾವಲಿಟ್ಟ ಹಾಗೆ. ಮೂವತ್ತನಾಲ್ಕು ವಯಸ್ಸಿನ ಈ ಹುಡುಗ ಮಾತ್ರ, “ಚದರಕ್ಕೆ ಆರು ಸಾವಿರ ಕೊಡಿ ಮೇಡಂ. ಖರ್ಚು ಹೆಚ್ಚಾದರೂ ಅಷ್ಟೇ, ಕಡಿಮೆಯಾದರೂ ಅಷ್ಟೇ” ಎಂದ. ಅರವತ್ತಾರು ಚದರಕ್ಕೆ 3,96,000 ರೂಪಾಯಿ, ನಾಲ್ಕು ಕಂತಿನಲ್ಲಿ. ಜನವರಿ 2025ರಲ್ಲಿ ಪಾಯ ತೋಡಿದೆವು, ಡಿಸೆಂಬರಿನಲ್ಲಿ ಹಾಲು ಉಕ್ಕಿಸಿದೆವು. ಅಂದಾಜು 1 ಕೋಟಿ 12 ಲಕ್ಷ, ಆದದ್ದು ಅವನ ಶುಲ್ಕವೂ ಸೇರಿ 1 ಕೋಟಿ 17 ಲಕ್ಷ. ಚದರಡಿಗೆ 1,770ರ ಹತ್ತಿರ ಬಿತ್ತು.

ಅಗ್ಗವಾದದ್ದು ಎಲ್ಲಿ ಎಂದು ನೋಡಲು ಬಂದವರೆಲ್ಲ ಮೊದಲು ಗೋಡೆ ಮುಟ್ಟುತ್ತಾರೆ. ಗೋಡೆ ಮಣ್ಣಿನ ಬ್ಲಾಕಿನದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ತಂಡದವರು ರೂಪಿಸಿದ, ಬ್ಲಾಕು ಒತ್ತುವ ಮರ್ದಿನಿ ಯಂತ್ರವನ್ನು ಬಾಡಿಗೆಗೆ ತಂದು, ಸಂಪು ಮತ್ತು ಪಾಯ ತೋಡಿದ ಮಣ್ಣಿಗೇ ಶೇಕಡಾ ಏಳು ಸಿಮೆಂಟ್ ಬೆರೆಸಿ ಒತ್ತಿಸಿದ್ದು. ಮಣ್ಣಿನ ಮನೆ ಎಂದರೆ ಪುಕ್ಕಟೆ ಎಂದುಕೊಂಡಿರುವವರಿಗೆ ನನ್ನ ಪುಸ್ತಕ ನಿರಾಸೆ ಮಾಡುತ್ತದೆ. ಒಂದು ಬ್ಲಾಕಿಗೆ 18 ರೂಪಾಯಿ ಬಿತ್ತು. ಅಷ್ಟೇ ಗೋಡೆಗೆ ಸುಟ್ಟ ಇಟ್ಟಿಗೆ ಎರಡು ಚಿಲ್ಲರೆ ಬೇಕು. ಅದರ ಬೆಲೆಯೂ ಇಪ್ಪತ್ತರ ಆಸುಪಾಸು. ಹೊರಗೋಡೆಗೆ ಗಿಲಾವು, ಬಣ್ಣ ಉಳಿಯಿತು, ನಿಜ. ಆದರೆ ಗಿಲಾವಿಲ್ಲದ ಗೋಡೆ ಕಟ್ಟುವಾಗ ಒಂದು ವರಸೆ ಸೊಟ್ಟಗಾದರೂ ಲೋಕಕ್ಕೆಲ್ಲ ಕಾಣುತ್ತದೆ ಎಂದು ಮೇಸ್ತ್ರಿ ಕೂಲಿ ಏರಿಸಿದ. ಅವನು ಹೇಳಿದ್ದು ಸರಿಯೇ. ಹೀಗಾಗುತ್ತದೆ ಎಂದು ಎಂಜಿನಿಯರ್ ಮೊದಲ ದಿನವೇ ಹೇಳಿದ್ದ, ಅದನ್ನು ಮೆಚ್ಚುತ್ತೇನೆ.

ದೊಡ್ಡ ಉಳಿತಾಯ ಯಾರ ಕಣ್ಣಿಗೂ ಬೀಳದ ಕಡೆ ಇದೆ. ಏಳು ಮನೆಗಳನ್ನು ಬಿಡಿಬಿಡಿಯಾಗಿ ಕಟ್ಟಿದ್ದರೆ ಐದು ಗೋಡೆ ಹೆಚ್ಚು ಬೇಕಿತ್ತು. ಒಂದೊಂದೂ 28 ಅಡಿ ಉದ್ದ, ಹತ್ತು ಅಡಿ ಎತ್ತರ. ಅಂದರೆ ಐದು ಸಾವಿರದಷ್ಟು ಬ್ಲಾಕು, 140 ಅಡಿ ಪಾಯ, ಅದಕ್ಕೆ ತಕ್ಕ ಸೈಜುಗಲ್ಲು, ಕೂಲಿ. ಒಂದೂ ಬೇಕಾಗಲಿಲ್ಲ. ಇದಕ್ಕೆ ಬೆಲೆ ತೆರುತ್ತಿಲ್ಲ ಎಂದಲ್ಲ: ಪಕ್ಕದ ಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ನಮ್ಮ ದೇವರ ಮನೆಗೆ ಕೇಳುತ್ತದೆ. ಬೆಳಿಗ್ಗೆ ಎಷ್ಟು ರೊಟ್ಟಿಯಾಯಿತು ಎಂದು ನಮ್ಮತ್ತೆ ಎಣಿಸಿ ಹೇಳುತ್ತಾರೆ.

ಮೋಲ್ಡಿನಲ್ಲೂ, ಅಂದರೆ ಕಾಂಕ್ರೀಟ್ ಮಾಳಿಗೆಯಲ್ಲೂ, ಉಳಿಯಿತು. ಮೋಲ್ಡಿನ ಕೆಳಭಾಗದಲ್ಲಿ ಎಳೆತವನ್ನು ತಡೆಯುವುದು ಕಬ್ಬಿಣ, ಅಲ್ಲಿನ ಕಾಂಕ್ರೀಟಿಗೆ ಕೆಲಸ ಕಡಿಮೆ ಎಂದು ಹೇಳಿ, ರಾಡುಗಳ ನಡುವೆ ಹಳೆಯ ಮಂಗಳೂರು ಹಂಚು ಇಡಿಸಿದ. ಹಂಚು ಬಂದದ್ದು ದಾವಣಗೆರೆಯಲ್ಲಿ ಕೆಡವಿದ ಮನೆಗಳಿಂದ, ಒಂದಕ್ಕೆ ಒಂಬತ್ತು ರೂಪಾಯಿ. ತರಲು ಹೋದ ದಿನ ಗಾಡಿಯಲ್ಲಿದ್ದ ನಾಲ್ವರೂ ಬೆಣ್ಣೆದೋಸೆ ತಿಂದ ಬಿಲ್ಲನ್ನು ಲೆಕ್ಕಕ್ಕೆ ಹಾಕಲು ಮೇಷ್ಟ್ರು ಹೇಳಿದರು, ನಾನು ಹಾಕಲಿಲ್ಲ.

ಈಗ ಅವನ ನಿಜವಾದ ಗುಣ ಹೇಳಬೇಕು. ಒಂದು ಉದ್ದನೆಯ ಅಳತೆ ಪುಸ್ತಕ, ಜೇಬಿನಲ್ಲಿ ಒಂದು ಟೇಪು. ಗೇಟಿನೊಳಗೆ ಬಂದ ಯಾವ ಲಾರಿಯೂ ಅವನು ಅಳೆಯದೆ ಖಾಲಿಯಾಗಲಿಲ್ಲ. ಎಂ ಸ್ಯಾಂಡ್ ಲಾರಿ ಏರಿ ಮೂರು ಕಡೆ ಕಡ್ಡಿ ಚುಚ್ಚಿ ಆಳ ನೋಡುತ್ತಿದ್ದ. ಒಂದು ದಿನ ಕಬ್ಬಿಣ ಬಂತು. ಚೀಟಿಯಲ್ಲಿ 1,640 ಕೆಜಿ. ಅವನು ರಾಡು ಎಣಿಸಿದ: 12 ಎಂಎಂ ತೊಂಬತ್ತಾರು, 8 ಎಂಎಂ ತೊಂಬತ್ತು. ಹನ್ನೆರಡು ಮೀಟರಿನ 12 ಎಂಎಂ ರಾಡು 10.66 ಕೆಜಿ ತೂಗಬೇಕು, 8 ಎಂಎಂ 4.74. ಗುಣಿಸಿ ಕೂಡಿದರೆ 1,450. “ಐದು ಪರ್ಸೆಂಟ್ ಆಚೀಚೆ ಆದರೆ ನಾನು ಬಾಯಿ ಬಿಡುವುದಿಲ್ಲ ಮೇಡಂ, ರಾಡು ತಯಾರಾಗುವಾಗಲೇ ಅಷ್ಟು ವ್ಯತ್ಯಾಸ ಇರುತ್ತದೆ. ಇದು ಹದಿಮೂರು” ಎಂದ. ಲಾರಿಯನ್ನು ಬೇರೆ ವೇ ಬ್ರಿಡ್ಜಿಗೆ ಕಳಿಸಿದ ಮೇಲೆ ಅಂಗಡಿಯವರು ಹನ್ನೊಂದು ಸಾವಿರ ಚಿಲ್ಲರೆ ಇಳಿಸಿದರು. ಸೆಪ್ಟೆಂಬರ್ 22ರಂದು ಸಿಮೆಂಟಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಾಗಲೂ ಮರುದಿನದ ಬಿಲ್ಲು ಹಳೆಯ ದರದಲ್ಲೇ ಬಂದಿತ್ತು. ಅದನ್ನು ಹಿಡಿದದ್ದು ಅವನಲ್ಲ, ನಾನು. ಇದು ದಾಖಲಾಗಿರಲಿ.

ಇನ್ನೊಂದು ಅವನ ಬದಲಾವಣೆ ಚೀಟಿ. ನಕ್ಷೆಗೆ ಏಳೂ ಮನೆಯವರು ಸಹಿ ಹಾಕಿದ ಮೇಲೆ ಯಾರಾದರೂ ಏನಾದರೂ ಬದಲಿಸಬೇಕೆಂದರೆ ಬಾಯಿಮಾತಿಗೆ ಬೆಲೆಯಿಲ್ಲ. ಚೀಟಿ ಬರೆದು, ಬೆಲೆ ಕಟ್ಟಿ, ಸಹಿ ಕೇಳುತ್ತಾನೆ. ಮೇಸ್ತ್ರಿಗೂ ಚೀಟಿ ಇಲ್ಲದೆ ಕರಣೆ ಎತ್ತಬಾರದೆಂದು ಆಜ್ಞೆ. ನಮ್ಮ ಪಡಸಾಲೆಯ ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿತ್ತು. ಸಂಜೆ ಅಲ್ಲಿ ನಿಂತು ನೋಡಿದರೆ ದೂರದಲ್ಲಿ ಜೋಗಿಮಟ್ಟಿಯ ಸಾಲು ಬೆಟ್ಟ. ನಾಲ್ಕು ಅಡಿ ಕಿಟಕಿಯನ್ನು ಆರು ಅಡಿ ಮಾಡಿಬಿಡೋಣ ಅನ್ನಿಸಿತು. “ಎರಡು ಅಡಿ ಅಷ್ಟೇ ಅಲ್ಲವೇನಪ್ಪಾ” ಎಂದೆ. ಅವನು ಮಾತಾಡಲಿಲ್ಲ. ಬ್ಲಾಕಿನ ರಾಶಿಯ ಮೇಲೆ ಕುಳಿತು ಬರೆದು ಕೊಟ್ಟ: ಚೌಕಟ್ಟು ಬದಲು 9,500, ಗ್ರಿಲ್ 4,200, ಲಿಂಟಲ್ 2,700, ಎರಡು ದಿನ ತಂಡ ಕಾದ ಕೂಲಿ 7,000. ಒಟ್ಟು 23,400. ಕೊನೆಯ ಸಾಲು ನನಗೆ ನಾಟಿತು. ಏಳು ಜನ ಕೆಲಸಗಾರರು ನನ್ನ ಬೆಟ್ಟದ ಆಸೆಗೆ ಸುಮ್ಮನೆ ಕುಳಿತುಕೊಳ್ಳುವುದಕ್ಕೆ ಅಷ್ಟು. ಚೀಟಿಯನ್ನು ಮಡಚಿ ಪಂಚಾಂಗದೊಳಗೆ ಇಟ್ಟೆ, ಈಗಲೂ ಅಲ್ಲೇ ಇದೆ. ವರ್ಷದಲ್ಲಿ ಅಂಥ ಹತ್ತೊಂಬತ್ತು ಚೀಟಿ ಬರೆದ. ಸಹಿ ಬಿದ್ದದ್ದು ಐದಕ್ಕೆ.

ಇನ್ನು ದೂರು. ಮೊದಲನೆಯದು ಮಣ್ಣು. ಹಾರ್ಲಿಕ್ಸ್ ಬಾಟಲಿಯಲ್ಲಿ ಮಣ್ಣು, ನೀರು, ಒಂದು ಚಿಟಿಕೆ ಉಪ್ಪು ಹಾಕಿ ಕುಲುಕಿ ರಾತ್ರಿಯಿಡೀ ಬಿಟ್ಟರೆ ಮರಳು ತಳದಲ್ಲಿ, ಜೇಡಿ ಮೇಲೆ ಪದರ ಪದರವಾಗಿ ಕೂರುತ್ತದೆ. ನಮ್ಮ ಕೆಮ್ಮಣ್ಣಿನಲ್ಲಿ ಮೂರರಲ್ಲಿ ಎರಡು ಪಾಲು ಮರಳಿತ್ತು, ಬ್ಲಾಕಿಗೆ ಹೇಳಿ ಮಾಡಿಸಿದ ಹಾಗೆ. ಆದರೆ ಅವನು ಎರಡು ಗುಂಡಿಯ ಮಣ್ಣು ತೆಗೆದದ್ದು ಎರಡೂ ಪಡುವಣ ಬದಿಯಲ್ಲಿ. ಮೂಡಣ ಮೂಲೆಯಲ್ಲಿ ಎರೆಮಣ್ಣಿನ ಪಟ್ಟಿ ಇದೆ ಎಂದು ದನ ಮೇಯಿಸುವ ಹುಡುಗನಿಗೂ ಗೊತ್ತಿತ್ತು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅಲ್ಲಿಯದನ್ನು ಬೆರೆಸಿ ಒತ್ತಿದ 900 ಬ್ಲಾಕು ಹತ್ತನೇ ದಿನಕ್ಕೆ ಸೀಳು ಬಿಟ್ಟವು. 16,200 ರೂಪಾಯಿ ಪಾಯದೊಳಗೆ ತುಂಬುವ ಮಣ್ಣಾಯಿತು. ವಾದ ಮಾಡಿ ಅರ್ಧವನ್ನು ಅವನ ಶುಲ್ಕದಲ್ಲಿ ಮುರಿದುಕೊಂಡೆ. ಪೂರ್ತಿ ಮುರಿದುಕೊಳ್ಳಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ.

ಎರಡನೆಯದು ನೀರು, ಇದು ದೊಡ್ಡದು. ಅವನ ಅಂದಾಜು ಪಟ್ಟಿ ಹನ್ನೊಂದು ಪುಟ. ಅದರಲ್ಲಿ ಟ್ಯಾಂಕರ್ ಎಂಬ ಪದವೇ ಇಲ್ಲ. ಬೋರಿನಲ್ಲಿ ನೀರು ಬಂದೇ ಬರುತ್ತದೆ ಎಂದುಕೊಂಡು ಬರೆದ ಪಟ್ಟಿ ಅದು. ಅದೇ ಜನವರಿಯಲ್ಲಿ ಮಾರಿಕಣಿವೆ (ವಾಣಿವಿಲಾಸ ಸಾಗರ) ಅಣೆಕಟ್ಟು ಕೋಡಿ ಬಿದ್ದಿತ್ತು. 1933 ಮತ್ತು 2022ರ ನಂತರ ಮೂರನೇ ಸಲ ಎಂದು ಜಿಲ್ಲೆಯೆಲ್ಲ ಬಾಗಿನ, ಮೆರವಣಿಗೆ. ನಮ್ಮ ಬೋರಿನಲ್ಲಿ ಮಾತ್ರ ಬೂದಿಬಣ್ಣದ ಧೂಳು. 1,75,000 ಭೂಮಿಯೊಳಗೆ ಹೋಯಿತು. ಮಣ್ಣಿನ ಬ್ಲಾಕಿಗೆ ಮೂರು ವಾರ ನೀರು ಹಾಕಲೇಬೇಕು, ದುರ್ಗದ ಏಪ್ರಿಲ್ ಬಿಸಿಲು ಬೇರೆ. ಐದು ಸಾವಿರ ಲೀಟರಿನ 190 ಟ್ಯಾಂಕರ್, 700ರಂತೆ 1,33,000 ರೂಪಾಯಿ. ಅಂದಾಜಿನ ಮೇಲೆ ಏರಿದ ಐದು ಲಕ್ಷದಲ್ಲಿ ಮೂರು ಲಕ್ಷ ಇವೆರಡೇ. ಉಳಿದದ್ದರಲ್ಲಿ ಹೆಚ್ಚಿನದು ಆ ಐದು ಚೀಟಿ.

ಮಳೆನೀರಿನ ತೊಟ್ಟಿಯನ್ನು ಅವನು ಕಟ್ಟಿಸಿದ್ದು ಕೊನೆಗೆ, ಅಕ್ಟೋಬರಿನಲ್ಲಿ. ಅರವತ್ತಾರು ಚದರ ಮಾಳಿಗೆ, ವರ್ಷಕ್ಕೆ 500 ಮಿಲಿಮೀಟರ್ ಮಳೆ ಎಂದಿಟ್ಟುಕೊಂಡು ಐದರಲ್ಲಿ ಒಂದು ಪಾಲು ಪೋಲಾದರೂ 2,45,000 ಲೀಟರ್ ಸಿಗುತ್ತದೆ. ತೊಟ್ಟಿ ಮೊದಲು, ದೊಡ್ಡಮನೆಯ ಮಾಳಿಗೆ ಎರಡನೆಯದು, ಮಿಕ್ಕದ್ದು ಆಮೇಲೆ ಎಂದು ಕೆಲಸ ಹೊಂದಿಸಿಕೊಂಡು ಮೇ ತಿಂಗಳ ಮಳೆ ಹಿಡಿದಿದ್ದರೆ ಒಂದಿಷ್ಟು ಟ್ಯಾಂಕರ್ ಆದರೂ ಉಳಿಯುತ್ತಿತ್ತು. ತಲೆ ಎತ್ತಿದರೆ ಕೋಟೆ ಕಾಣುವ ಊರು ಇದು. ಬಂಡೆಯ ಮೇಲೆ ಬಿದ್ದ ಮಳೆಯನ್ನು ಹೊಂಡಗಳಲ್ಲಿ ಹಿಡಿದಿಟ್ಟ ಊರಿನಲ್ಲಿ ಓದಿದ ಹುಡುಗನಿಗೆ ಇದನ್ನು ಕ್ಯಾಶಿಯರ್ ಹೇಳಿಕೊಡಬೇಕಾಯಿತು.

ಸೌರ ಫಲಕದ ವಿಷಯದಲ್ಲಿ ಅವನ ಸಲಹೆ ಸರಿಯಿತ್ತು. ತಿಂಗಳಿಗೆ ತೊಂಬತ್ತು ಯೂನಿಟ್ ಸುಡುವ ಮನೆಗೆ ಗೃಹಜ್ಯೋತಿ ಇರುವಾಗ ಈಗಲೇ ಹಣ ಹೂಡಬೇಡಿ, ವೈರು ಎಳೆಯುವ ಪೈಪು ಮಾತ್ರ ಹಾಕಿಸಿಡಿ ಎಂದ. ಹಾಗೆಯೇ ಮಾಡಿದೆವು.

ಕರೆಸಿಕೊಳ್ಳಬೇಕೇ ಎಂದು ಕೇಳುವವರಿಗೆ: ನಾಲ್ಕೈದು ಮನೆಯವರು ಸೇರಿ ಕಟ್ಟಿಸುವುದಾದರೆ ಕಣ್ಣು ಮುಚ್ಚಿ ಇಂಥವನನ್ನೇ ಹಿಡಿಯಿರಿ, ನೀರಿನ ಪುಟ ಮಾತ್ರ ನೀವೇ ಬರೆಸಿ. ಒಂದೇ ಮನೆಯಾದರೆ ಅವನ ಚೀಟಿ, ಟೇಪು ಎಲ್ಲ ಸ್ವಲ್ಪ ಅತಿಯಾಗಬಹುದು. ಬೆಳಿಗ್ಗೆ ಹತ್ತರೊಳಗೆ ಫೋನ್ ಎತ್ತುವುದಿಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ.

ಕೊನೆಯ ಕಂತಿನಲ್ಲಿ ನಲವತ್ತು ಸಾವಿರ ಇನ್ನೂ ನನ್ನ ಬಳಿಯೇ ಇದೆ. ಸಂಪಿನ ಕಬ್ಬಿಣದ ಮುಚ್ಚಳ ಒಂದೂವರೆ ಅಂಗುಲ ಚಿಕ್ಕದಾಗಿ ಬಂದಿದೆ, ಬದಲಿಸಿ ತರುತ್ತೇನೆ ಎಂದು ಹೋಗಿ ಮೂರು ವಾರವಾಯಿತು. ಸದ್ಯಕ್ಕೆ ಮೇಲೆ ಒಂದು ಹಳೆಯ ಬಾಗಿಲು ಅಡ್ಡ ಹಾಕಿದ್ದೇವೆ. ಮುಚ್ಚಳ ತಂದ ದಿನ ಚೆಕ್ ಬರೆಯುತ್ತೇನೆ.