ಎಫ್‌ಐವಿ ಇರುವ ಬೆಕ್ಕನ್ನು ದತ್ತು ಕೊಟ್ಟ ಆಶ್ರಯ ಕೇಂದ್ರ: ಎಂಟು ತಿಂಗಳ ಅನುಭವ

ಬೆಂಗಳೂರಿನ ಹೊರವಲಯದ ಒಂದು ಸಣ್ಣ ಪ್ರಾಣಿ ಆಶ್ರಯ ಕೇಂದ್ರದಿಂದ ಎಂಟು ತಿಂಗಳ ಹಿಂದೆ ನಾವು ಸುಮಾರು ಆರು ವರ್ಷದ ಗಂಡು ಬೆಕ್ಕನ್ನು ದತ್ತು ತಂದೆವು. ಹೆಸರು ಕೆಂಪ. ಅವನಿಗೆ ಎಫ್‌ಐವಿ ಸೋಂಕಿದೆ ಎಂಬುದನ್ನು ನಾವು ಕೇಳುವ ಮೊದಲೇ, ಅವನ ಮುಖ ತೋರಿಸುವುದಕ್ಕೂ ಮುಂಚೆ, ಅಲ್ಲಿಯವರು ತಿಳಿಸಿದರು. ಈ ಕೇಂದ್ರದ ಬಗ್ಗೆ ನನಗೆ ಗೌರವ ಮೂಡಿದ್ದು ಆ ಕ್ಷಣದಲ್ಲಿ.

ಎಫ್‌ಐವಿ ಬೆಕ್ಕಿನ ರೋಗನಿರೋಧಕ ಶಕ್ತಿಯನ್ನು ನಿಧಾನವಾಗಿ ಕುಂದಿಸುವ ವೈರಸ್. ಇದು ಮನುಷ್ಯರಿಗಾಗಲಿ ನಾಯಿಗಳಿಗಾಗಲಿ ತಗಲುವುದಿಲ್ಲ. ಮುಖ್ಯವಾಗಿ ಕಚ್ಚಿದ ಆಳವಾದ ಗಾಯದ ಮೂಲಕ ಬೆಕ್ಕಿನಿಂದ ಬೆಕ್ಕಿಗೆ ಹರಡುವುದರಿಂದ, ಬೀದಿಯಲ್ಲಿ ಕಾದಾಡುವ ಗಂಡು ಬೆಕ್ಕುಗಳಲ್ಲಿ ಹೆಚ್ಚಾಗಿ ಕಾಣಿಸುತ್ತದೆ. ಸೋಂಕು ತಗಲಿದ ಮೇಲೂ ಎಷ್ಟೋ ಬೆಕ್ಕುಗಳು ಹಲವು ವರ್ಷ ಆರೋಗ್ಯವಾಗಿ ಬದುಕುತ್ತವೆ. ಅಲ್ಲಿನ ಸ್ವಯಂಸೇವಕಿ ಇದನ್ನೆಲ್ಲ ಅರ್ಧ ಗಂಟೆ ಕುಳಿತು ವಿವರಿಸಿದರಲ್ಲದೆ, ‘ಮಗುವಿಗೆ ಅಂಟುವುದಿಲ್ಲ ತಾನೇ?’ ಎಂದು ನಮ್ಮ ಅತ್ತೆ ಮೂರು ಸಲ ಕೇಳಿದರೂ ಮೂರು ಸಲವೂ ಅಷ್ಟೇ ತಾಳ್ಮೆಯಿಂದ ಉತ್ತರಿಸಿದರು. ರಕ್ತಪರೀಕ್ಷೆಯ ವರದಿ, ಲಸಿಕೆಯ ಪುಸ್ತಕ, ಸಂತಾನಹರಣ ಶಸ್ತ್ರಚಿಕಿತ್ಸೆಯ ದಾಖಲೆ ಎಲ್ಲವೂ ಕೈಸೇರಿದವು. ಬಾಲ್ಕನಿಗೆ ಬಲೆ ಹಾಕಿಸಿದ ಫೋಟೊ ಕಳುಹಿಸುವ ತನಕ ಬೆಕ್ಕನ್ನು ಮಾತ್ರ ಕೊಡಲಿಲ್ಲ. ಆಗ ಬೇಸರವಾಗಿದ್ದು ನಿಜ. ಕೆಂಪ ಹೊರಗೆ ಹೋಗದಿದ್ದರೆ ಬೀದಿಯ ಬೆಕ್ಕುಗಳೂ ಸುರಕ್ಷಿತ, ಅವುಗಳ ಇತರ ಸೋಂಕುಗಳಿಂದ ಅವನೂ ಸುರಕ್ಷಿತ ಎಂಬುದು ಈಗ ಮನವರಿಕೆಯಾಗಿದೆ.

ಆದರೆ ಒಂದು ಲೋಪವನ್ನು ಹೇಳಲೇಬೇಕು. ಈ ಸೋಂಕಿರುವ ಬೆಕ್ಕುಗಳಿಗೆ ಒಸಡು ಮತ್ತು ಬಾಯಿಯ ಉರಿಯೂತ ಆಗಾಗ ಕಾಡುತ್ತದೆ; ಹಾಗಿದ್ದೂ ಅವರು ಕೊಟ್ಟ ಕಾಗದಗಳಲ್ಲಿ ಬಾಯಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಎರಡನೆಯ ವಾರದಲ್ಲಿ ಕೆಂಪ ಹಸಿದು ಬಟ್ಟಲಿನ ಬಳಿ ಓಡಿ ಬರುವುದು, ಒಂದು ತುತ್ತು ಬಾಯಿಗಿಟ್ಟು ಹಿಂದೆ ಸರಿಯುವುದು, ಜೊಲ್ಲು ಸುರಿಸುವುದು ಶುರುವಾಯಿತು. ಪಶುವೈದ್ಯರು ನಾಲ್ಕು ಹಲ್ಲು ಕೀಳಬೇಕಾಯಿತು. ಖರ್ಚಿಗಿಂತಲೂ, ಅವನು ಅಷ್ಟು ದಿನ ನೋವು ನುಂಗಿಕೊಂಡಿದ್ದನಲ್ಲ ಎಂಬುದೇ ನನ್ನನ್ನು ಹೆಚ್ಚು ಬಾಧಿಸಿತು. ವಿಷಯ ತಿಳಿಸಿದಾಗ ಕೇಂದ್ರದವರು ನೆಪ ಹೇಳದೆ ತಪ್ಪೊಪ್ಪಿಕೊಂಡರು. ಈಗ ದತ್ತು ಕೊಡುವ ಮುನ್ನ ಹಲ್ಲಿನ ತಪಾಸಣೆಯನ್ನೂ ಮಾಡಿಸುತ್ತಿದ್ದಾರಂತೆ.

ಆರು ತಿಂಗಳಿಗೊಮ್ಮೆ ತಪಾಸಣೆ, ಹಸಿ ಮಾಂಸ ಕೊಡದಿರುವುದು, ತಿಂಗಳಿಗೊಮ್ಮೆ ತೂಕ ನೋಡುವುದು: ನಮ್ಮ ಹೆಚ್ಚುವರಿ ಆರೈಕೆ ಇಷ್ಟೇ. ಬೆಕ್ಕನ್ನು ಹೊರಗೆ ಅಡ್ಡಾಡಲು ಬಿಡುವವರಿಗೂ, ಈಗಾಗಲೇ ಮನೆಯಲ್ಲಿ ಜಗಳಗಂಟ ಬೆಕ್ಕಿರುವವರಿಗೂ ಇಂಥ ದತ್ತು ಹೊಂದುವುದಿಲ್ಲ. ಉಳಿದವರು ಈ ಕೇಂದ್ರಕ್ಕೆ ಧೈರ್ಯವಾಗಿ ಹೋಗಬಹುದು. ಬೆಕ್ಕನ್ನು ಮನೆಗೆ ತರುವ ಮೊದಲು ಅದರ ಬಾಯಿ ತೆರೆಸಿ ಒಸಡನ್ನು ತೋರಿಸಿ ಎಂದು ಮಾತ್ರ ಕೇಳಿ.